ಸಾಂಬಾ ಫೈಲ್ ಸರ್ವರ್ ರಿವ್ಯೂ: ಬಳ್ಳಾರಿಯ ಜೀನ್ಸ್ ಯೂನಿಟ್‌ಗೆ ತಕ್ಕದ್ದೇ, ಆದರೆ ಪರ್ಮಿಶನ್ ಮೊದಲ ದಿನವೇ ಸರಿಮಾಡಿ

ಮೊದಲೇ ಹೇಳಿಬಿಡುತ್ತೇನೆ. ಸಾಂಬಾ ಒಳ್ಳೆಯ ಸಾಫ್ಟ್‌ವೇರ್. ಐದಾರು ಕಂಪ್ಯೂಟರ್‌ನಿಂದ ಹಿಡಿದು ಐವತ್ತರವರೆಗೆ ಇರುವ ಜಾಗಕ್ಕೆ ಇಷ್ಟು ಗಟ್ಟಿಯಾದ, ಲೈಸೆನ್ಸ್ ದುಡ್ಡಿಲ್ಲದ ಫೈಲ್ ಸರ್ವರ್ ಬೇರೆ ನಾನು ನೋಡಿಲ್ಲ. ಆದರೆ ಹೊಸ ಫೈಲ್‌ಗಳಿಗೆ ಅದು ತಾನಾಗಿ ಕೊಡುವ ಪರ್ಮಿಶನ್, ಅಂದರೆ ಯಾರು ಓದಬಹುದು, ಯಾರು ತಿದ್ದಬಹುದು ಅನ್ನುವ ಹಕ್ಕು ಇದೆಯಲ್ಲ, ಅದು ಒಬ್ಬರೇ ಕೂತು ಕೆಲಸ ಮಾಡುವ ಕಡೆ ಸರಿ, ನಾಲ್ಕು ಜನ ಒಂದೇ ಫೋಲ್ಡರ್ ಬಳಸುವ ಕಡೆ ಸರಿಯಲ್ಲ. ನಾಲ್ಕೈದು ಸಾಲು ಬದಲಿಸದೇ ಬಿಟ್ಟರೆ ಕೆಲವೇ ದಿನಕ್ಕೆ ಆಫೀಸ್‌ನಲ್ಲಿ ಕಿರಿಕಿರಿ ಶುರುವಾಗುತ್ತದೆ. ಹಾಗಾಗಿ ಈ ರಿವ್ಯೂನಲ್ಲಿ ಜಾಸ್ತಿ ಜಾಗ ಆ ಸಾಲುಗಳಿಗೇ ಹೋಗಿದೆ. ಅದು ಬೇಡ ಅನ್ನುವವರಿಗೆ ಒಂದೇ ಮಾತು, ಧೈರ್ಯವಾಗಿ ಹಾಕಿಸಿ, ಆದರೆ ಹಾಕುವವರಿಗೆ ಪರ್ಮಿಶನ್ ಗೊತ್ತಾ ಅಂತ ಮೊದಲು ಕೇಳಿ.

ನಾನು ಬಳ್ಳಾರಿಯಲ್ಲಿ ಸಣ್ಣ ಆಫೀಸ್‌ಗಳಿಗೆ, ಜೀನ್ಸ್ ಯೂನಿಟ್‌ಗಳಿಗೆ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸ ಮಾಡಿಕೊಡುತ್ತೇನೆ. ಇಲ್ಲಿ ಬರೆದಿರುವುದು ಕೌಲ್ ಬಜಾರ್ ಕಡೆಯ ಒಂದು ಯೂನಿಟ್‌ನ ಅನುಭವ. ಅಲ್ಲಿ ಪ್ಯಾಟರ್ನ್ ಮಾಸ್ಟರ್‌ಗೆ ಒಂದು ವಿಂಡೋಸ್ ಕಂಪ್ಯೂಟರ್ ಇದೆ. ಲೆಕ್ಕ ಬರೆಯುವವರಿಗೆ ಎರಡು, ಡಿಸ್ಪ್ಯಾಚ್‌ಗೆ ಒಂದು. ಲೇಬಲ್, ಟ್ಯಾಗ್ ಡಿಸೈನ್ ಮಾಡುವವರ ಹತ್ತಿರ ಮ್ಯಾಕ್. ಸರ್ವರ್ ಅಂದರೆ ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್ ಲಿನಕ್ಸ್, ಒಂದರ ನಕಲು ಇನ್ನೊಂದರಲ್ಲಿ ಇರುವ ಹಾಗೆ ಎರಡು ಹೊಸ ಹಾರ್ಡ್ ಡಿಸ್ಕ್. ದುಡ್ಡು ಹೋಗಿದ್ದು ಡಿಸ್ಕ್‌ಗೆ ಮತ್ತು ಯುಪಿಎಸ್‌ಗೆ ಮಾತ್ರ.

ಸಾಂಬಾ ಮಾಡುವ ಕೆಲಸ ಸರಳ. ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳಲು ಎಸ್‌ಎಂಬಿ ಅನ್ನುವ ಪ್ರೋಟೋಕಾಲ್ ಬಳಸುತ್ತವೆ, ಲಿನಕ್ಸ್ ಯಂತ್ರಕ್ಕೂ ಅದೇ ಮಾತು ಬರುವ ಹಾಗೆ ಸಾಂಬಾ ಮಾಡುತ್ತದೆ. 1990ರ ದಶಕದ ಶುರುವಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರೂ ಟ್ರಿಜೆಲ್ ಇದನ್ನು ಶುರುಮಾಡಿದರು. ಅವತ್ತಿನಿಂದ ಇವತ್ತಿನವರೆಗೆ ಇದು ಮುಕ್ತ ಸಾಫ್ಟ್‌ವೇರ್. ವಿಂಡೋಸ್ 10 ಅಥವಾ 11 ಇರುವ ಯಾವುದೋ ಒಂದು ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡವರು ನಮ್ಮ ಊರಲ್ಲಿ ಬಹಳ ಜನ ಇದ್ದಾರೆ. ಅದಕ್ಕೆ ಒಂದೇ ಸಲಕ್ಕೆ 20 ಯಂತ್ರ ಮಾತ್ರ ಸೇರಬಹುದು ಅನ್ನುವ ಮಿತಿ ಇದೆ, ಸಾಂಬಾಗೆ ಅಂಥ ಮಿತಿ ಇಲ್ಲ.

ಮೆಚ್ಚಿದ್ದನ್ನು ಮೊದಲು ಹೇಳಬೇಕು. ಕನ್ನಡದಲ್ಲಿ ಫೈಲ್ ಹೆಸರು ಇಟ್ಟರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸರಿಯಾಗಿ ಕಾಣುತ್ತದೆ. ‘ಕಟಿಂಗ್ ಲೆಕ್ಕ’ ಅಂತ ಇಟ್ಟ ಫೋಲ್ಡರ್ ಎಲ್ಲರಿಗೂ ‘ಕಟಿಂಗ್ ಲೆಕ್ಕ’ ಆಗಿಯೇ ತೆರೆಯುತ್ತದೆ, ಚೌಕ ಚೌಕ ಬರುವುದಿಲ್ಲ. ಬಳ್ಳಾರಿ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲೂ, ಗೋಡೆಗೆ ಅಂಟಿಸದೆ ಗಾಳಿ ಆಡುವ ಕಡೆ ಇಟ್ಟಿದ್ದರಿಂದ ಯಂತ್ರ ನಿಂತಿಲ್ಲ. ಕರೆಂಟ್ ಹೋಗಿ ಬಂದರೆ ಯಾರೂ ಲಾಗಿನ್ ಆಗದೆ ತಾನೇ ಎದ್ದು ಶೇರ್, ಅಂದರೆ ಎಲ್ಲರೂ ಬಳಸುವ ಫೋಲ್ಡರ್, ಕೊಡುತ್ತದೆ. ವಾರಗಟ್ಟಲೆ ಅದರ ಕಡೆ ಯಾರೂ ನೋಡುವುದಿಲ್ಲ, ಸರ್ವರ್ ಅಂದರೆ ಹಾಗಿರಬೇಕು ಅಲ್ವಾ.

ಈಗ ತೊಂದರೆಗೆ ಬರೋಣ. ಈ ಯೂನಿಟ್‌ನಲ್ಲಿ ಸರ್ವರ್ ಮೊದಲು ಹಾಕಿದ್ದು ನಾನಲ್ಲ. ಬೇರೆಯವರು ಹಾಕಿ ಹೋಗಿದ್ದರು, ನನ್ನನ್ನು ಕರೆದಿದ್ದು ದೂರು ಬಂದ ಮೇಲೆ. ದೂರು ಹೀಗಿತ್ತು. ಪ್ಯಾಟರ್ನ್ ಮಾಸ್ಟರ್ ಒಂದು ಸೈಜ್ ಶೀಟ್ ಮಾಡಿ ಶೇರ್‌ನಲ್ಲಿ ಇಡುತ್ತಾರೆ, 28ರಿಂದ 36ರವರೆಗೆ ಸೊಂಟ, ತೊಡೆ, ಉದ್ದ ಎಲ್ಲಾ ಇರುವ ಎಕ್ಸೆಲ್ ಫೈಲ್. ಆಫೀಸ್‌ನವರು ತೆರೆದರೆ ‘ರೀಡ್ ಓನ್ಲಿ’ ಅನ್ನುತ್ತದೆ. ಪಾರ್ಟಿ ಫೋನ್ ಮಾಡಿ ಉದ್ದ ಬದಲಿಸಿ ಅಂದಿರುತ್ತಾರೆ, ತುರ್ತು, ಹಾಗಾಗಿ ಅವರು ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತಾರೆ. ಈಗ ಎರಡು ಫೈಲ್ ಆಯಿತು. ಎರಡನೆಯದನ್ನು ಮಾಸ್ಟರ್ ತಿದ್ದಲು ಆಗುವುದಿಲ್ಲ, ಯಾಕೆಂದರೆ ಅದರ ಓನರ್ ಆಫೀಸ್‌ನವರು. ಅವರು ಮೂರನೆಯದು ಮಾಡುತ್ತಾರೆ. ಹೀಗೆ ಒಂದೇ ಸ್ಟೈಲ್‌ಗೆ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಮಾಸ್ಟರ್’ ಅಂತ ಸಾಲು ಸಾಲು.

ಇದು ಬರೀ ಕಂಪ್ಯೂಟರ್ ಕಿರಿಕಿರಿ ಅಂದುಕೊಳ್ಳಬೇಡಿ. ಕಟಿಂಗ್ ಟೇಬಲ್ ಮೇಲೆ ಡೆನಿಮ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಮಾರ್ಕರ್ (ಕತ್ತರಿಸುವ ಗೆರೆ ಇರುವ) ಕಾಗದ ಇಟ್ಟು, ನೆಟ್ಟಗೆ ನಿಂತ ಬ್ಲೇಡ್‌ನ ಯಂತ್ರದಿಂದ ಎಲ್ಲಾ ಪದರವನ್ನೂ ಒಟ್ಟಿಗೆ ಕತ್ತರಿಸುತ್ತಾರೆ. ಹಳೇ ಶೀಟ್ ನೋಡಿ ಮಾರ್ಕರ್ ತೆಗೆದಿದ್ದರೆ ಹಾಸಿದ ಅಷ್ಟೂ ಪದರದಲ್ಲಿ ಅದೇ ತಪ್ಪು ಬರುತ್ತದೆ. ಕತ್ತರಿಸಿದ ಬಟ್ಟೆಯನ್ನು ಮತ್ತೆ ಉದ್ದ ಮಾಡಲು ಆಗುವುದಿಲ್ಲ. ಯಾವ ಫೈಲ್ ಸರಿ ಅನ್ನುವ ಗೊಂದಲ ನೇರವಾಗಿ ಬಟ್ಟೆಯ ದುಡ್ಡಿಗೆ ಬರುತ್ತದೆ. ಅದಕ್ಕೇ ಈ ವಿಷಯ ನನಗೆ ಮುಖ್ಯ.

ಸರ್ವರ್‌ನಲ್ಲಿ ಕೂತು ಎಲ್‌ಎಸ್ ಮೈನಸ್ ಎಲ್ (ಫೈಲ್‌ಗಳ ಪಟ್ಟಿ, ಪರ್ಮಿಶನ್ ತೋರಿಸುವ ಕಮಾಂಡ್) ಹೊಡೆದು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಫೈಲ್‌ನ ಪರ್ಮಿಶನ್ 0744. ಲಿನಕ್ಸ್‌ನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೊದಲ ಅಂಕಿ ಬಿಡಿ, ಉಳಿದ ಮೂರು ಕ್ರಮವಾಗಿ ಓನರ್, ಗ್ರೂಪ್, ಬೇರೆಯವರು. ಅಂದರೆ ಓನರ್‌ಗೆ ಎಲ್ಲಾ ಇದೆ, ಗ್ರೂಪ್‌ಗೆ ಓದುವುದು ಮಾತ್ರ. ಫೋಲ್ಡರ್‌ಗಳು 0755, ಅಲ್ಲೂ ಗ್ರೂಪ್‌ಗೆ ಬರೆಯುವ ಹಕ್ಕಿಲ್ಲ, ಹಾಗಾಗಿ ಮಾಸ್ಟರ್ ಮಾಡಿದ ಫೋಲ್ಡರ್ ಒಳಗೆ ಆಫೀಸ್‌ನವರು ಹೊಸ ಫೈಲ್ ಕೂಡ ಇಡಲು ಆಗುತ್ತಿರಲಿಲ್ಲ. ಇದೇನು ಯಾರೋ ಕೆಡಿಸಿದ್ದಲ್ಲ. ಸಾಂಬಾದ ಡೀಫಾಲ್ಟ್ ಇರುವುದೇ ಹಾಗೆ, ಹೊಸ ಫೈಲ್‌ಗೆ ‘ಕ್ರಿಯೇಟ್ ಮಾಸ್ಕ್’ 0744, ಹೊಸ ಫೋಲ್ಡರ್‌ಗೆ ‘ಡೈರೆಕ್ಟರಿ ಮಾಸ್ಕ್’ 0755. ಡೆಬಿಯನ್ ಜೊತೆ ಬರುವ ಮಾದರಿ ಫೈಲ್‌ನಲ್ಲಿ ಪ್ರತಿ ಯೂಸರ್‌ನ ಸ್ವಂತ (ಹೋಮ್) ಫೋಲ್ಡರ್‌ಗಳಿಗೆ ಇನ್ನೂ ಬಿಗಿ, 0700. ಅದನ್ನೇ ಕಾಪಿ ಮಾಡಿ ಆಫೀಸ್ ಶೇರ್ ಮಾಡಿದರೆ ಬೇರೆಯವರು ಓದಲು ಕೂಡ ಆಗದು.

0744ರಲ್ಲಿ ಓನರ್‌ಗೆ ನಡೆಸುವ ಹಕ್ಕು ಯಾಕೆ ಅಂತ ಕೇಳಬಹುದು, ಎಕ್ಸೆಲ್ ಶೀಟ್ ಏನು ಪ್ರೋಗ್ರಾಮ್ ಅಲ್ಲವಲ್ಲ. ಅದು ಹಳೇ ಡಾಸ್ ಕಾಲದ ‘ಆರ್ಕೈವ್’ ಗುರುತನ್ನು ಲಿನಕ್ಸ್‌ನಲ್ಲಿ ಎಲ್ಲಾದರೂ ಬರೆದಿಡಬೇಕಲ್ಲ ಅಂತ ಸಾಂಬಾ ಆ ಬಿಟ್ ಬಳಸಿಕೊಂಡಿದ್ದು. ನಮಗೆ ಬೇಕಿಲ್ಲ, ‘ಮ್ಯಾಪ್ ಆರ್ಕೈವ್ = ನೋ’ ಅಂದರೆ ಹೋಗುತ್ತದೆ.

ಮೊದಲು ಬಂದವರು ಈ ದೂರಿಗೆ ಮಾಡಿದ್ದ ಪರಿಹಾರ ಏನು ಗೊತ್ತಾ? ಇಡೀ ಶೇರ್‌ಗೆ ಚ್‌ಮಾಡ್ (ಪರ್ಮಿಶನ್ ಬದಲಿಸುವ ಕಮಾಂಡ್) 777. ಎಲ್ಲರಿಗೂ ಎಲ್ಲಾ ಹಕ್ಕು. ನಮ್ಮ ಕಡೆ ಅರ್ಧಕ್ಕರ್ಧ ಸರ್ವರ್‌ಗಳು ಹೀಗೇ ಇರುವುದನ್ನು ನೋಡಿದ್ದೇನೆ, ಕೊಪ್ಪಳ, ಗಂಗಾವತಿ ಕಡೆ ಅಕ್ಕಿ ಗಿರಣಿ ಆಫೀಸ್‌ಗಳಲ್ಲೂ ಇದೇ ಕತೆ. ಇದರಲ್ಲಿ ಎರಡು ತಪ್ಪಿದೆ. ಒಂದು, ಅದು ಇವತ್ತು ಇರುವ ಫೈಲ್‌ಗೆ ಮಾತ್ರ, ನಾಳೆ ಹುಟ್ಟುವ ಫೈಲ್ ಮತ್ತೆ 0744 ಆಗಿಯೇ ಹುಟ್ಟುತ್ತದೆ. ಎರಡು, ಅದೇ ಶೇರ್‌ನಲ್ಲಿ ಕೂಲಿ ಲೆಕ್ಕ ಇದೆ, ಕೆಲಸಗಾರರ ಆಧಾರ್ ಕಾಪಿ ಇದೆ, ಬ್ಯಾಂಕ್ ಅಕೌಂಟ್ ನಂಬರ್ ಇದೆ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳ ಆಧಾರ್ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಇಡುವುದು ಸರಿಯಲ್ಲ, ಅವರು ನಂಬಿ ಕೊಟ್ಟಿದ್ದು. ಇದರ ಮೇಲೆ ಯಾವುದೋ ಒಂದು ಕಂಪ್ಯೂಟರ್‌ಗೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ, ಬರೆಯುವ ಹಕ್ಕು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ಅದು ಬರೆಯುತ್ತದೆ. 777 ಅಂದರೆ ಎಲ್ಲಾ ಕಡೆ.

ಇನ್ನೊಂದು ಸಂಗತಿ ಜನರನ್ನು ತುಂಬಾ ಸುತ್ತಾಡಿಸುತ್ತದೆ. ‘ನಿನ್ನೆ ಸರಿ ಮಾಡಿದಿರಿ ಸಾರ್, ಇವತ್ತು ಮತ್ತೆ ಅದೇ ಫೈಲ್ ಹಾಗೇ ಆಗಿದೆ’ ಅನ್ನುತ್ತಾರೆ. ಅವರು ಹೇಳುವುದು ನಿಜ. ವರ್ಡ್, ಎಕ್ಸೆಲ್ ಇವೆಲ್ಲಾ ಸೇವ್ ಮಾಡುವಾಗ ಹಳೇ ಫೈಲ್ ಮೇಲೆ ಬರೆಯುವುದಿಲ್ಲ. ಮೊದಲು ಬೇರೆ ಹೆಸರಿನ ತಾತ್ಕಾಲಿಕ ಫೈಲ್ ಬರೆಯುತ್ತವೆ, ಆಮೇಲೆ ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೇ ಹೆಸರು ಇಡುತ್ತವೆ. ಹೆಸರು ಅದೇ, ಆದರೆ ಫೈಲ್ ಹೊಸದು. ಅದರ ಓನರ್ ಕೊನೆಗೆ ಸೇವ್ ಮಾಡಿದವರು, ಪರ್ಮಿಶನ್ ಡೀಫಾಲ್ಟ್‌ನದು. ಇದ್ದ ಫೈಲ್‌ಗೆ ಎಷ್ಟು ಸಲ ಚ್‌ಮಾಡ್ ಹೊಡೆದರೂ ಉಪಯೋಗವಿಲ್ಲ ಅಂತ ಇಲ್ಲಿ ಅರ್ಥವಾಗುತ್ತದೆ. ಸರಿಮಾಡಬೇಕಾಗಿದ್ದು ಹೊಸ ಫೈಲ್ ಹುಟ್ಟುವ ರೀತಿಯನ್ನು.

ಅಂದಹಾಗೆ, ಬರೆಯಲು ಆಗದ ಫೈಲನ್ನು ಅಳಿಸಲು ಆಗುವುದೂ ಉಂಟು. ಲಿನಕ್ಸ್‌ನಲ್ಲಿ ಅಳಿಸುವ ಹಕ್ಕು ಫೈಲ್‌ದಲ್ಲ, ಅದು ಇರುವ ಫೋಲ್ಡರ್‌ದು. ತಿದ್ದಲು ಆಗದ ಶೀಟ್ ಮಾಯವಾಗಿದೆ ಅಂತ ಯಾರಾದರೂ ಹೇಳಿದರೆ ಅವರನ್ನು ಸುಮ್ನೆ ಬೈಯಬೇಡಿ, ಆಗುತ್ತದೆ.

ತಪ್ಪು ಎಲ್ಲಿದೆ ಅಂತ ಕಂಡುಹಿಡಿಯಲು ನಾನು ಮಾಡುವುದು ಇಷ್ಟು. ವಿಂಡೋಸ್ ಕಂಪ್ಯೂಟರ್‌ನಿಂದ ಶೇರ್‌ನಲ್ಲಿ ಒಂದು ಖಾಲಿ ಫೈಲ್ ಮಾಡುತ್ತೇನೆ. ಅದೇ ಫೋಲ್ಡರ್‌ನಲ್ಲಿ ಸರ್ವರ್‌ನಿಂದಲೇ, ಅದೇ ಯೂಸರ್ ಆಗಿ, ಇನ್ನೊಂದು ಖಾಲಿ ಫೈಲ್. ಎರಡನ್ನೂ ಪಕ್ಕ ಪಕ್ಕ ನೋಡುತ್ತೇನೆ. ಸರ್ವರ್‌ನಿಂದ ಮಾಡಿದ್ದು ಸರಿಯಿದ್ದು ವಿಂಡೋಸ್‌ನಿಂದ ಮಾಡಿದ್ದು ತಪ್ಪಿದ್ದರೆ ಸಾಂಬಾದ ಮಾಸ್ಕ್ ನೋಡಬೇಕು. ಎರಡರ ಗ್ರೂಪ್ ಹೆಸರೂ ತಪ್ಪಿದ್ದರೆ ಫೋಲ್ಡರ್‌ನ ಸೆಟ್‌ಜಿಐಡಿ (ಅದೇನು ಅಂತ ಮುಂದೆ ಹೇಳುತ್ತೇನೆ) ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಬಹಳ ಜನ ಲಿನಕ್ಸ್‌ನ ಯುಮಾಸ್ಕ್ (ಹೊಸ ಫೈಲ್‌ನಿಂದ ಯಾವ ಹಕ್ಕು ಕಳೆಯಬೇಕು ಅನ್ನುವ ಸೆಟ್ಟಿಂಗ್) ಬದಲಿಸಲು ಹೋಗುತ್ತಾರೆ, 022 ಇದ್ದದ್ದನ್ನು 002 ಮಾಡುತ್ತಾರೆ. ಅದರಿಂದ ಸರ್ವರ್‌ನಲ್ಲಿ ಕೂತು ಮಾಡುವ ಫೈಲ್ ಬದಲಾಗುತ್ತದೆ ಅಷ್ಟೇ. ಸಾಂಬಾ ಶುರುವಾಗುವಾಗಲೇ ತನ್ನ ಯುಮಾಸ್ಕ್ ಸೊನ್ನೆ ಮಾಡಿಕೊಂಡು, ಪರ್ಮಿಶನ್ ಪೂರ್ತಿ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್‌ನಿಂದ ಬರುವ ಫೈಲ್‌ಗೆ ಆ ಬದಲಾವಣೆ ತಾಕುವುದೇ ಇಲ್ಲ.

ಅದರ ಜೊತೆಗೆ ಟೆಸ್ಟ್‌ಪಾರ್ಮ್ ಅನ್ನುವ ಕಮಾಂಡ್. ಸಾಂಬಾದ ಕಾನ್ಫಿಗ್ ಫೈಲ್‌ನಲ್ಲಿ ಏನು ಬರೆದಿದ್ದೀರಿ ಅನ್ನುವುದಕ್ಕಿಂತ ಸಾಂಬಾ ಏನು ಅರ್ಥಮಾಡಿಕೊಂಡಿದೆ ಅನ್ನುವುದನ್ನು ಅದು ತೋರಿಸುತ್ತದೆ. ಒಂದು ಅಕ್ಷರ ತಪ್ಪಿ ಬರೆದ ಸಾಲನ್ನು ಸಾಂಬಾ ಬಿಟ್ಟು ಮುಂದೆ ಹೋಗಿರುತ್ತದೆ, ಅದು ಇಲ್ಲಿ ಸಿಕ್ಕಿಬೀಳುತ್ತದೆ. ಈ ಪುಟ್ಟ ಕಮಾಂಡ್‌ಗೆ ನನ್ನ ಪೂರ್ತಿ ಮಾರ್ಕ್ಸ್.

ಇನ್ನು ಪರಿಹಾರ. ಯೂನಿಟ್‌ನಲ್ಲಿ ಎರಡು ಗ್ರೂಪ್ ಮಾಡಿದೆ, ‘ಪ್ಯಾಟರ್ನ್’ ಮತ್ತು ‘ಲೆಕ್ಕ’. ಶೇರ್ ಕೂಡ ಎರಡು. ಪ್ಯಾಟರ್ನ್ ಶೇರ್‌ಗೆ ಮಾಸ್ಟರ್, ಆಫೀಸ್, ಲೇಬಲ್ ಡಿಸೈನ್, ಡಿಸ್ಪ್ಯಾಚ್ ಎಲ್ಲರೂ ಸೇರುತ್ತಾರೆ. ಲೆಕ್ಕದ ಶೇರ್‌ಗೆ ಲೆಕ್ಕ ಬರೆಯುವವರು ಮತ್ತು ಮಾಲೀಕರು ಮಾತ್ರ, ಆಧಾರ್ ಕಾಪಿ, ಕೂಲಿ ಶೀಟ್ ಎಲ್ಲಾ ಅಲ್ಲಿಗೆ ಹೋಯಿತು. ಪ್ಯಾಟರ್ನ್ ಫೋಲ್ಡರ್‌ಗೆ 2775, ಲೆಕ್ಕದ ಫೋಲ್ಡರ್‌ಗೆ 2770. ಮುಂದಿನ ಆ 2 ಇದೆಯಲ್ಲ, ಅದೇ ಸೆಟ್‌ಜಿಐಡಿ. ಅದು ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲ್ ಮತ್ತು ಫೋಲ್ಡರ್‌ಗೂ ಮೇಲಿನ ಫೋಲ್ಡರ್‌ನ ಗ್ರೂಪ್ ಬರುತ್ತದೆ, ಮಾಡಿದವರ ಸ್ವಂತ ಗ್ರೂಪ್ ಅಲ್ಲ. ಡೆಬಿಯನ್‌ನಲ್ಲಿ ಪ್ರತಿ ಯೂಸರ್‌ಗೂ ಅವರದೇ ಹೆಸರಿನ ಗ್ರೂಪ್ ಇರುತ್ತದೆ, ಹಾಗಾಗಿ ಸೆಟ್‌ಜಿಐಡಿ ಇಲ್ಲದಿದ್ದರೆ 0664 ಕೊಟ್ಟೂ ಪ್ರಯೋಜನವಿಲ್ಲ. ಗ್ರೂಪ್‌ಗೆ ಬರೆಯುವ ಹಕ್ಕು ಇದೆ, ಆದರೆ ಆ ಗ್ರೂಪ್‌ನಲ್ಲಿ ಇರುವುದು ಒಬ್ಬರೇ.

ಇದೇ ಕೆಲಸವನ್ನು ಸಾಂಬಾದಲ್ಲಿ ‘ಫೋರ್ಸ್ ಗ್ರೂಪ್’ ಬರೆದೂ ಮಾಡಬಹುದು. ನನಗೆ ಸೆಟ್‌ಜಿಐಡಿಯೇ ಇಷ್ಟ, ಯಾಕೆಂದರೆ ಸಾಂಬಾ ದಾರಿಯಲ್ಲಿ ಬಂದರೂ, ಸರ್ವರ್‌ನಲ್ಲಿ ನೇರವಾಗಿ ಮಾಡಿದರೂ ಅದು ಕೆಲಸ ಮಾಡುತ್ತದೆ.

ಆಮೇಲೆ ಕಾನ್ಫಿಗ್ ಫೈಲ್. ಪ್ಯಾಟರ್ನ್ ಶೇರ್ ಕೆಳಗೆ ‘ರೀಡ್ ಓನ್ಲಿ = ನೋ’, ‘ವ್ಯಾಲಿಡ್ ಯೂಸರ್ಸ್’ನಲ್ಲಿ ಪ್ಯಾಟರ್ನ್ ಗ್ರೂಪ್, ‘ಕ್ರಿಯೇಟ್ ಮಾಸ್ಕ್ = 0664’, ‘ಫೋರ್ಸ್ ಕ್ರಿಯೇಟ್ ಮೋಡ್ = 0664’, ‘ಡೈರೆಕ್ಟರಿ ಮಾಸ್ಕ್ = 2775’, ‘ಫೋರ್ಸ್ ಡೈರೆಕ್ಟರಿ ಮೋಡ್ = 2775’. ಲೆಕ್ಕದ ಶೇರ್‌ಗೆ ಇದೇ ಸಾಲುಗಳು, ಅಂಕಿ ಮಾತ್ರ 0660 ಮತ್ತು 2770. ಮಾಸ್ಕ್ ಮತ್ತು ಫೋರ್ಸ್ ಎರಡೂ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಮಾಸ್ಕ್ ಕಳೆಯುತ್ತದೆ, ಫೋರ್ಸ್ ಸೇರಿಸುತ್ತದೆ. ಮಾಸ್ಕ್‌ನಲ್ಲಿ ಇಲ್ಲದ ಹಕ್ಕನ್ನು ಸಾಂಬಾ ಫೈಲ್‌ನಿಂದ ತೆಗೆದುಹಾಕುತ್ತದೆ, ಫೋರ್ಸ್‌ನಲ್ಲಿ ಇರುವ ಹಕ್ಕನ್ನು ಕೇಳದಿದ್ದರೂ ಕೊಡುತ್ತದೆ. ಮೊದಲು ಕಳೆಯುವುದು, ಆಮೇಲೆ ಸೇರಿಸುವುದು.

ಇನ್ನೊಂದು ದಾರಿಯೂ ಇದೆ, ‘ಇನ್‌ಹೆರಿಟ್ ಪರ್ಮಿಶನ್ಸ್ = ಯೆಸ್’ ಅನ್ನುವ ಒಂದೇ ಸಾಲು. ಮೇಲಿನ ಫೋಲ್ಡರ್ ಹೇಗಿದೆಯೋ ಹೊಸ ಫೋಲ್ಡರ್ ಹಾಗೇ ಹುಟ್ಟುತ್ತದೆ, ಸೆಟ್‌ಜಿಐಡಿ ಸಮೇತ, ಫೈಲ್‌ಗಳಿಗೂ ಓದು ಬರೆ ಹಕ್ಕು ಅಲ್ಲಿಂದಲೇ ಬರುತ್ತದೆ. ಒಂದೇ ಶೇರ್ ಒಳಗೆ ಬೇರೆ ಬೇರೆ ಫೋಲ್ಡರ್‌ಗೆ ಬೇರೆ ಬೇರೆ ಹಕ್ಕು ಬೇಕಾದರೆ ಇದು ಚೆನ್ನಾಗಿದೆ. ಆದರೆ ಇದನ್ನು ಹಾಕಿದರೆ ಮೇಲೆ ಹೇಳಿದ ಮಾಸ್ಕ್, ಫೋರ್ಸ್ ಸಾಲುಗಳನ್ನು ಸಾಂಬಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಬರೆದಿಟ್ಟು, ಮಾಸ್ಕ್ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಒಂದು ಆರಿಸಿಕೊಳ್ಳಿ.

ಇಷ್ಟು ಮಾಡಿದ ಮೇಲೆ ಹಳೇ ಫೈಲ್‌ಗಳನ್ನೂ ಒಂದು ಸಲ ಸರಿಮಾಡಬೇಕು. ಇಲ್ಲೂ ಒಂದೇ ಏಟಿಗೆ ಚ್‌ಮಾಡ್ ಮೈನಸ್ ದೊಡ್ಡ ಆರ್ (ಒಳಗಿನ ಎಲ್ಲದಕ್ಕೂ ಒಟ್ಟಿಗೆ) ಬೇಡ. ಫೋಲ್ಡರ್ ಒಳಗೆ ಹೋಗಲು ‘ನಡೆಸು’ ಹಕ್ಕು ಬೇಕು, ಫೈಲ್‌ಗೆ ಬೇಡ. ಹಾಗಾಗಿ ಫೈಂಡ್ ಕಮಾಂಡ್‌ನಿಂದ ಫೋಲ್ಡರ್‌ಗಳನ್ನು ಬೇರೆ ಆರಿಸಿ 2775, ಫೈಲ್‌ಗಳನ್ನು ಬೇರೆ ಆರಿಸಿ 0664. ಮೊದಲು ಗ್ರೂಪ್ ಹೆಸರು ಬದಲಿಸಿ, ಆಮೇಲೆ ಚ್‌ಮಾಡ್ ಮಾಡಿ. ಲಂಚ್ ಹೊತ್ತಿನಲ್ಲೋ ಸಂಜೆ ಎಲ್ಲರೂ ಹೋದ ಮೇಲೋ ಮಾಡಿದರೆ ಒಳ್ಳೆಯದು. ಎಸ್‌ಎಂಬಿ ಸ್ಟೇಟಸ್ ಕಮಾಂಡ್ ಕೊಟ್ಟರೆ ಯಾರು ಯಾವ ಫೈಲ್ ತೆರೆದಿಟ್ಟಿದ್ದಾರೆ ಅಂತ ಗೊತ್ತಾಗುತ್ತದೆ.

ಎಲ್ಲಾ ಸರಿ ಮಾಡಿದರೂ ಡಿಸ್ಪ್ಯಾಚ್‌ನವರಿಗೆ ಮಾತ್ರ ಬರೆಯಲು ಆಗುತ್ತಿರಲಿಲ್ಲ. ಸರ್ವರ್‌ನಲ್ಲಿ ಐಡಿ ಕಮಾಂಡ್ ಕೊಟ್ಟರೆ ಅವರು ಪ್ಯಾಟರ್ನ್ ಗ್ರೂಪ್‌ನಲ್ಲಿ ಇದ್ದಾರೆ ಅಂತಲೇ ತೋರಿಸುತ್ತದೆ. ಕಾರಣ ಸಣ್ಣದು. ಗ್ರೂಪ್‌ಗೆ ಸೇರಿಸುವ ಮೊದಲೇ ಅವರ ವಿಂಡೋಸ್ ಸರ್ವರ್ ಜೊತೆ ಸೆಷನ್ ತೆರೆದಿತ್ತು, ಹಳೇ ಗ್ರೂಪ್ ಪಟ್ಟಿಯನ್ನೇ ಹಿಡಿದುಕೊಂಡಿತ್ತು. ಲಾಗ್ ಔಟ್ ಆಗಿ ಬಂದ ಮೇಲೆ ಸರಿಹೋಯಿತು. ಗ್ರೂಪ್ ಬದಲಿಸಿದಾಗಲೆಲ್ಲಾ ಇದನ್ನು ನೆನಪಿಡಿ, ಇಲ್ಲದಿದ್ದರೆ ಸರಿಯಾಗಿರುವ ಕಾನ್ಫಿಗ್ ಅನ್ನೇ ಮತ್ತೆ ಕೆದಕಲು ಹೋಗುತ್ತೀರಿ.

ಮ್ಯಾಕ್‌ನದು ಬೇರೆ ಸಮಸ್ಯೆ. 2013ರ ಮ್ಯಾವೆರಿಕ್ಸ್ ಆವೃತ್ತಿಯಿಂದ ಮ್ಯಾಕ್ ಕೂಡ ಫೈಲ್ ಹಂಚಿಕೊಳ್ಳಲು ಮೊದಲು ಎಸ್‌ಎಂಬಿಯನ್ನೇ ಬಳಸುತ್ತದೆ. ಸಾಂಬಾದಲ್ಲಿ ಮ್ಯಾಕ್‌ಗಾಗಿ ‘ಫ್ರೂಟ್’ ಅನ್ನುವ ಮಾಡ್ಯೂಲ್ ಇದೆ, ಅದನ್ನು ಹಾಕಿದರೆ ಮ್ಯಾಕ್‌ನಲ್ಲಿ ಕೆಲಸ ಸಲೀಸು. ಆದರೆ ಅದರ ಡೀಫಾಲ್ಟ್‌ನಲ್ಲಿ ಫೈಲ್‌ನ ಯುನಿಕ್ಸ್ ಪರ್ಮಿಶನ್ ಬದಲಿಸುವ ಹಕ್ಕು ಮ್ಯಾಕ್‌ಗೆ ಇರುತ್ತದೆ. ನೀವು 0664 ಅಂತ ಕಷ್ಟಪಟ್ಟು ಇಟ್ಟಿದ್ದನ್ನು ಅದು ಲೇಬಲ್ ಫೈಲ್ ಕಾಪಿ ಮಾಡುವಾಗ 0644 ಮಾಡಿಬಿಡಬಹುದು. ‘ಫ್ರೂಟ್:ಎನ್‌ಎಫ್‌ಎಸ್_ಏಸಸ್ = ನೋ’ ಅಂತ ಬರೆದರೆ ಆ ಹಕ್ಕು ಹೋಗುತ್ತದೆ. ವಾಶ್ ಕೇರ್ ಲೇಬಲ್ ಫೈಲ್‌ಗಳಿಗೆ ಮಾತ್ರ ತೊಂದರೆ ಇದ್ದು ಬೇರೆಲ್ಲಾ ಸರಿ ಇದ್ದರೆ ಇದನ್ನೇ ನೋಡಿ.

ಎಸಿಎಲ್, ಅಂದರೆ ಒಂದೇ ಫೈಲ್‌ಗೆ ಹಲವು ಯೂಸರ್, ಗ್ರೂಪ್‌ಗಳ ಹಕ್ಕು ಬರೆದಿಡುವ ಪಟ್ಟಿ, ಅದರ ಬಗ್ಗೆ ಒಂದು ಮಾತು. ಒಂದೇ ಫೋಲ್ಡರ್‌ಗೆ ಎರಡು ಮೂರು ಗ್ರೂಪ್ ಬೇಕು, ಒಂದಕ್ಕೆ ಓದು, ಇನ್ನೊಂದಕ್ಕೆ ಬರೆ, ಅಂಥ ಕಡೆ ಸೆಟ್‌ಎಫ್‌ಎಸಿಎಲ್‌ನಿಂದ ಡೀಫಾಲ್ಟ್ ಎಸಿಎಲ್ ಇಡುವುದು ಸರಿಯಾದ ದಾರಿ. ಆದರೆ ಮಾಸ್ಕ್ ಹಳೇ 0744ರಲ್ಲೇ ಬಿಟ್ಟಿದ್ದರೆ ವಿಚಿತ್ರ ಕಾಣುತ್ತದೆ. ಗೆಟ್‌ಎಫ್‌ಎಸಿಎಲ್ ಕೊಟ್ಟರೆ ಗ್ರೂಪ್‌ಗೆ ಓದು ಬರೆ ಎರಡೂ ಇದೆ ಅನ್ನುತ್ತದೆ, ಅದರ ಪಕ್ಕದಲ್ಲೇ ‘ಎಫೆಕ್ಟಿವ್’ ಅಂತ ಬರೆದು ಓದು ಮಾತ್ರ ತೋರಿಸುತ್ತದೆ. ನಿಜವಾಗಿ ನಡೆಯುವುದು ಆ ಎಫೆಕ್ಟಿವ್ ಅನ್ನುವುದೇ. ಎಸಿಎಲ್ ಇರುವ ಫೈಲ್‌ನಲ್ಲಿ ಎಲ್‌ಎಸ್ ತೋರಿಸುವ ಮಧ್ಯದ ಮೂರು ಅಕ್ಷರ ಗ್ರೂಪ್‌ನದಲ್ಲ, ಎಸಿಎಲ್‌ನ ಮಾಸ್ಕ್‌ನದು. ಅದಕ್ಕೆ ಕೊನೆಯಲ್ಲಿ ಒಂದು ಪ್ಲಸ್ ಗುರುತು ಇರುತ್ತದೆ, ಅದು ಕಂಡರೆ ಎಲ್‌ಎಸ್ ಅನ್ನು ನಂಬಬೇಡಿ. ‘ಇನ್‌ಹೆರಿಟ್ ಎಸಿಎಲ್ಸ್ = ಯೆಸ್’ ಹಾಕಿದರೆ ಇದು ಬಗೆಹರಿಯುತ್ತದೆ. ಐದಾರು ಜನರ ಯೂನಿಟ್‌ಗೆ ಇದು ಬೇಡ, ಎರಡು ಶೇರ್ ಮಾಡಿ ಮುಗಿಸಿ.

ಸಾಂಬಾದಲ್ಲಿ ನನಗೆ ನಿಜವಾಗಿ ಬೇಸರ ಆಗಿದ್ದು ರೀಸೈಕಲ್ ಮಾಡ್ಯೂಲ್ ವಿಷಯದಲ್ಲಿ. ಶೇರ್‌ನಿಂದ ಅಳಿಸಿದ ಫೈಲನ್ನು ಒಂದು ಫೋಲ್ಡರ್‌ನಲ್ಲಿ ಎತ್ತಿಡುವ ಒಳ್ಳೆಯ ಸೌಲಭ್ಯ ಅದು, ಎಲ್ಲರೂ ಹಾಕಿಕೊಳ್ಳಬೇಕು. ಆದರೆ ಆ ಫೋಲ್ಡರ್‌ನ ಡೀಫಾಲ್ಟ್ ಪರ್ಮಿಶನ್ 0700. ಮೊದಲು ಯಾರು ಫೈಲ್ ಅಳಿಸುತ್ತಾರೋ ಅವರ ಹೆಸರಿನಲ್ಲಿ ಅದು ಹುಟ್ಟುತ್ತದೆ, ಬೇರೆಯವರು ಅದರೊಳಗೆ ಹೋಗಲು ಆಗುವುದಿಲ್ಲ. ಆಗ ಬೇರೆಯವರು ಅಳಿಸಿದ ಫೈಲ್ ಅಲ್ಲಿಗೆ ಬರುವುದಿಲ್ಲ, ಪೂರ್ತಿ ಹೋಗಿಬಿಡುತ್ತದೆ, ಪರದೆಯ ಮೇಲೆ ಯಾವ ಸೂಚನೆಯೂ ಇಲ್ಲ. ಕಾಪಾಡಲಿ ಅಂತ ಹಾಕಿಕೊಂಡಿದ್ದು ಒಬ್ಬರಿಗೆ ಮಾತ್ರ ಕಾಪಾಡುತ್ತದೆ ಅಂದರೆ ಅದು ತಪ್ಪು ಡೀಫಾಲ್ಟ್, ನೇರವಾಗಿ ಹೇಳುತ್ತೇನೆ. ‘ರೀಸೈಕಲ್:ಡೈರೆಕ್ಟರಿ_ಮೋಡ್ = 0770’ ಅಂತ ಬರೆಯಿರಿ. ಆಮೇಲೆ ಇಬ್ಬರು ಬೇರೆ ಬೇರೆ ಯೂಸರ್ ಆಗಿ ಫೈಲ್ ಅಳಿಸಿ, ಎರಡೂ ಸಿಗುತ್ತವಾ ನೋಡಿ.

ಇನ್ನು ಹಳೇ ಯಂತ್ರಗಳು. ಪ್ಲಾಟರ್ (ಮಾರ್ಕರ್ ಮುದ್ರಿಸುವ ಯಂತ್ರ) ಓಡಿಸಲು ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್ ಇಟ್ಟುಕೊಂಡ ಯೂನಿಟ್‌ಗಳು ಇನ್ನೂ ಇವೆ. ಎಕ್ಸ್‌ಪಿಗೆ ಬರುವುದು ಎಸ್‌ಎಂಬಿಯ ಹಳೇ ಆವೃತ್ತಿ, ಎಸ್‌ಎಂಬಿ 1 ಮಾತ್ರ. 2017ರ ವಾನ್ನಾಕ್ರೈ ರ‍್ಯಾನ್ಸಮ್‌ವೇರ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದ. ಸಾಂಬಾ 2019ರ 4.11ರಿಂದ ಅದನ್ನು ತಾನಾಗಿ ಬಂದ್ ಮಾಡಿದೆ. ಹಾಗಾಗಿ ಆ ಯಂತ್ರಕ್ಕೆ ಹೊಸ ಸರ್ವರ್ ಸಿಗದಿದ್ದರೆ ಅದು ಪರ್ಮಿಶನ್ ತೊಂದರೆ ಅಲ್ಲ, ಪರ್ಮಿಶನ್ ಜಾಸ್ತಿ ಮಾಡಿದರೆ ಸರಿಹೋಗುವುದಿಲ್ಲ. ಪೆನ್ ಡ್ರೈವ್‌ನಲ್ಲಿ ಮಾರ್ಕರ್ ಒಯ್ಯಿರಿ, ಎಸ್‌ಎಂಬಿ 1 ಮಾತ್ರ ತೆರೆಯಬೇಡಿ. ಹಾಗೆಯೇ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ನಂಬಿಕೊಂಡಿದ್ದವರಿಗೆ 2024ರ ವಿಂಡೋಸ್ 11ರ 24ಎಚ್2 ಬಂದ ಮೇಲೆ ಶೇರ್ ತೆರೆಯದೆ ಹೋಗಿರಬಹುದು, ಪ್ರೊ ಆವೃತ್ತಿಯಲ್ಲೂ ಗೆಸ್ಟ್ ಪ್ರವೇಶ ತಾನಾಗಿ ಬಂದ್. ಪ್ರತಿಯೊಬ್ಬರಿಗೂ ಯೂಸರ್ ಮತ್ತು ಪಾಸ್‌ವರ್ಡ್ ಮಾಡಿಕೊಡಿ.

ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಅದನ್ನೇ ಶೇರ್ ಮಾಡುವವರು ಗಮನಿಸಿ. ಆ ಡಿಸ್ಕ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಇದ್ದರೆ ಅದರಲ್ಲಿ ಲಿನಕ್ಸ್ ಪರ್ಮಿಶನ್ ಬರೆದಿಡಲು ಜಾಗವೇ ಇಲ್ಲ. ಚ್‌ಮಾಡ್ ಹೊಡೆದರೂ ಏನೂ ಆಗುವುದಿಲ್ಲ, ಮೌಂಟ್ ಮಾಡುವಾಗ (ಡಿಸ್ಕನ್ನು ಲಿನಕ್ಸ್‌ಗೆ ಜೋಡಿಸುವಾಗ) ಕೊಟ್ಟ ಓನರ್, ಗ್ರೂಪ್, ಮಾಸ್ಕ್ ಎಲ್ಲಾ ಫೈಲ್‌ಗೂ ಒಂದೇ. ಸರ್ವರ್‌ನ ಒಳಗಿನ ಡಿಸ್ಕ್ ಎಕ್ಸ್‌ಟ್4ನಲ್ಲಿ ಇರಲಿ.

ಯಾರಿಗೆ ಇದು ಬೇಡ ಅಂತಲೂ ಹೇಳಬೇಕು. ಲಿನಕ್ಸ್ ಗೊತ್ತಿರುವವರು ಊರಲ್ಲಿ ಕೈಗೆ ಸಿಗದಿದ್ದರೆ ರೆಡಿಮೇಡ್ ನಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್) ಪೆಟ್ಟಿಗೆ ತೆಗೆದುಕೊಳ್ಳಿ. ಅವುಗಳಲ್ಲಿ ಬಹುಪಾಲು ಒಳಗೆ ಇರುವುದು ಸಾಂಬಾನೇ, ಆದರೆ ಪರ್ಮಿಶನ್ ಬದಲಿಸಲು ಪರದೆ ಇರುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎರಡು ಯೂಸರ್ ಮಾಡಿಸಿ, ಒಬ್ಬರು ಮಾಡಿದ ಎಕ್ಸೆಲ್ ಫೈಲನ್ನು ಇನ್ನೊಬ್ಬರು ತಿದ್ದಿ ಸೇವ್ ಮಾಡಿ, ಮೊದಲನೆಯವರು ಮತ್ತೆ ತಿದ್ದಲು ಆಗುತ್ತದಾ ನೋಡಿ. ಬರೀ ಒಂದು ಸಲ ತೆರೆದು ನೋಡಿದರೆ ಸಾಲದು, ಈ ತೊಂದರೆ ಕಾಣುವುದೇ ಸೇವ್ ಆದ ಮೇಲೆ.

ಕೌಲ್ ಬಜಾರ್‌ನ ಆ ಯೂನಿಟ್‌ನಲ್ಲಿ ಈಗ ಒಂದು ಸ್ಟೈಲ್‌ಗೆ ಒಂದೇ ಸೈಜ್ ಶೀಟ್. ಆಫೀಸ್‌ನವರು ಉದ್ದ ತಿದ್ದಿದರೆ ಮಾಸ್ಟರ್ ಅದನ್ನೇ ತೆರೆದು ಮಾರ್ಕರ್ ತೆಗೆಯುತ್ತಾರೆ. ಬ್ಯಾಕಪ್‌ಗೆ ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಸಾಫ್ಟ್‌ವೇರ್ ಹಾಕಿದ್ದೇನೆ, ಅದೂ ಟ್ರಿಜೆಲ್ ಅವರೇ ಪಾಲ್ ಮಕೆರಾಸ್ ಜೊತೆ 1996ರಲ್ಲಿ ಹೊರತಂದದ್ದು. ರೂಟ್ (ಸರ್ವರ್‌ನ ಎಲ್ಲಾ ಹಕ್ಕು ಇರುವ ಯೂಸರ್) ಆಗಿ ಓಡಿಸಿ ಮೈನಸ್ ಎ ಕೊಟ್ಟರೆ ಓನರ್, ಗ್ರೂಪ್, ಪರ್ಮಿಶನ್ ಮೂರನ್ನೂ ಹಾಗೇ ಕಾಪಾಡುತ್ತದೆ, ಎಸಿಎಲ್ ಇಟ್ಟಿದ್ದರೆ ದೊಡ್ಡ ಎ ಕೂಡ ಸೇರಿಸಬೇಕು. ಬ್ಯಾಕಪ್‌ನಿಂದ ಫೈಲ್ ವಾಪಸ್ ತರುವಾಗಲೂ ಇದೇ ರೀತಿ ತನ್ನಿ. ರೂಟ್ ಆಗಿ ಸುಮ್ನೆ ಸಿಪಿ (ಕಾಪಿ ಕಮಾಂಡ್) ಹೊಡೆದರೆ ಫೈಲ್‌ನ ಓನರ್ ರೂಟ್ ಆಗುತ್ತದೆ, ಪರ್ಮಿಶನ್ 0644 ಆಗುತ್ತದೆ, ಮಾರನೇ ದಿನ ಬೆಳಿಗ್ಗೆ ಮಾಸ್ಟರ್‌ಗೆ ಮತ್ತೆ ‘ರೀಡ್ ಓನ್ಲಿ’ ಬರುತ್ತದೆ.